ಹೋಮ್ ಡೈರೆಕ್ಟರಿ ಸರಿ ಮಾಡ್ಕೊಡ್ತೀವಿ ಅಂತ ಬರೋರ ಹತ್ರ ಹುಷಾರಾಗಿರಿ

ಆಫೀಸಿಗೆ ಲಿನಕ್ಸ್ ಸಪೋರ್ಟ್ ಅಂತ ಹೊರಗಿನವರನ್ನ ಕರೆಸೋರು ಇದನ್ನ ಓದಿ ಆಮೇಲೆ ಕರೆಸಿ. ನಮ್ಮದು ಮೈಸೂರಲ್ಲಿ ಸಣ್ಣ ಡಿಸೈನ್ ಆಫೀಸು. ಎಲ್ಲರ ಹೋಮ್ ಡೈರೆಕ್ಟರಿ (ಅವರವರ ಫೈಲು, ಸೆಟ್ಟಿಂಗ್ ಇರೋ ಫೋಲ್ಡರು) ಸರ್ವರಲ್ಲೇ ಇರೋದು, ಎನ್‌ಎಫ್‌ಎಸ್ ಅಂತ ನೆಟ್‌ವರ್ಕ್ ಮೇಲೆ ಫೈಲ್ ಹಂಚೋ ವ್ಯವಸ್ಥೆ, ಯಾವ ಮಷಿನಲ್ಲಿ ಕೂತ್ರೂ ಅವರವರ ಫೈಲು ಅವರಿಗೆ ಬರ್ಬೇಕು. ಸರ್ವರ್ ಬದಲಾಯಿಸಿದ ಮೇಲೆ ಯಾರು ಲಾಗಿನ್ ಆದ್ರೂ ಹೋಮ್ ಡೈರೆಕ್ಟರಿ ಇಲ್ಲ ಅಂತ ಎರರ್. ಸರಿ ಮಾಡೋಕೆ ಹೊರಗಿಂದ ಕರೆಸಿದ ಈ ಮನುಷ್ಯ ಬಂದ, ಒಂದೊಂದು ಮಷಿನ್ ಮುಂದೂ ಕೂತು ಏನೇನೋ ಟೈಪ್ ಮಾಡಿದ, "ಆಯ್ತು ಮೇಡಂ, ಚೆಕ್ ಮಾಡ್ಕೊಳ್ಳಿ" ಅಂದ. ಲಾಗಿನ್ ಆಯ್ತು, ದುಡ್ಡು ಕೊಟ್ಟು ಕಾಫಿ ಕುಡಿಸಿ ಕಳಿಸಿದ್ವಿ.

ಆಮೇಲೆ ನೋಡಿದ್ರೆ ಎಲ್ಲರ ಡೆಸ್ಕ್‌ಟಾಪೂ ಖಾಲಿ! ಬಾಸ್ ನನ್ನ ಮುಖ ನೋಡ್ತಾರೆ. ಫೋನ್ ಮಾಡಿದ್ರೆ ಏನಂದ ಗೊತ್ತಾ, "ಲಾಗಿನ್ ಆಗ್ತಿಲ್ಲ ಅಂದ್ರಿ, ಈಗ ಆಗ್ತಿದೆ ತಾನೇ? ಫೈಲ್ ತರ್ಸೋದು ಡೇಟಾ ರಿಕವರಿ, ಅದರ ಚಾರ್ಜ್ ಬೇರೆ." ಡೇಟಾ ರಿಕವರಿ ಅಂತೆ! ಫೈಲೆಲ್ಲಾ ಸರ್ವರಲ್ಲೇ ಭದ್ರವಾಗಿ ಇದ್ವು ರೀ. ಇವನು ಆಟೋಎಫ್‌ಎಸ್ (ಸರ್ವರಲ್ಲಿರೋ ಹೋಮನ್ನ ತಾನಾಗೇ ಮಷಿನಿಗೆ ಜೋಡಿಸೋ ಪ್ರೋಗ್ರಾಮು) ನಿಲ್ಲಿಸಿ, ಲಾಗಿನ್ ಆದ ಕೂಡ್ಲೇ ಅದೇ ಮಷಿನಲ್ಲಿ ಖಾಲಿ ಹೋಮ್ ಸೃಷ್ಟಿ ಆಗೋ ಹಾಗೆ ಲಾಗಿನ್ ನೋಡ್ಕೊಳ್ಳೋ ಪ್ಯಾಮ್‌ನಲ್ಲಿ ಎಂಕೆಹೋಮ್‌ಡಿರ್ ಅನ್ನೋದನ್ನ ಆನ್ ಮಾಡಿ ಹೋಗಿದ್ದ, ಅಷ್ಟೇ. ಈ ಮಷಿನಲ್ಲಿ ಸೇವ್ ಮಾಡಿದ್ದು ಪಕ್ಕದ ಮಷಿನಲ್ಲಿ ಇಲ್ಲ.

ಜಗಳ ಆಡಿದ್ಮೇಲೆ ಮತ್ತೆ ಬಂದ, "ಪರ್ಮಿಷನ್ ಇಶ್ಯೂ" ಅಂತ ಸರ್ವರಲ್ಲಿ ಇಡೀ ಹೋಮ್‌ಗೆ ಚ್‌ಮಾಡ್ 777 ಹೊಡೆದ, ಅಂದ್ರೆ ಯಾರು ಬೇಕಾದ್ರೂ ಓದಿ ಬರೆಯೋ ಹಾಗೆ ತೆರೆದಿಟ್ಟ. ಹೋಮ್ ಯಾರು ಬೇಕಾದ್ರೂ ಬರೆಯೋ ಹಾಗಿದ್ರೆ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗೋ ದಾರಿ) ಪಾಸ್‌ವರ್ಡ್ ಬದಲು ಕೊಡೋ ಕೀ ಫೈಲನ್ನ ಒಪ್ಪಲ್ಲ, ಹಾಗಾಗಿ ಸರ್ವರಿಗೆ ಇದ್ದ ಲಾಗಿನ್ನೂ ಹೋಯ್ತು. ಅದಕ್ಕೆ ಉತ್ತರ, "ನಿಮ್ಮ ಕೀ ಹಳೇದಾಗಿದೆ ಮೇಡಂ." ಕೀ ಏನು ಹಾಲಾ, ಹಳಸೋಕೆ?

ಕೊನೆಗೆ ನಮ್ಮ ಹಳೇ ಕಲೀಗ್ ಒಬ್ಬರು ಫೋನಲ್ಲೇ ಹೇಳ್ಕೊಟ್ರು: ಹೋಮ್ ಯಾವ ಸರ್ವರಲ್ಲಿದೆ ಅಂತ ಆಟೋಎಫ್‌ಎಸ್‌ಗೆ ಹೇಳೋ ಆಟೋ ಡಾಟ್ ಹೋಮ್ ಮ್ಯಾಪಲ್ಲಿ ಹಳೇ ಸರ್ವರ್ ಹೆಸರೇ ಉಳ್ಕೊಂಡಿತ್ತು. ಒಂದು ಸಾಲು! ಅದನ್ನ ಬದಲಾಯಿಸಿ ಆಟೋಎಫ್‌ಎಸ್ ಶುರು ಮಾಡಿದ್ರೆ ಫೈಲೆಲ್ಲಾ ಪ್ರತ್ಯಕ್ಷ. ಮಧ್ಯದಲ್ಲಿ ಲೋಕಲ್ ಹೋಮಲ್ಲಿ ಸೇವ್ ಮಾಡಿದ್ದನ್ನ ಹುಡುಕಿ ಸರ್ವರಿಗೆ ಕಾಪಿ ಮಾಡೋದು, ಪರ್ಮಿಷನ್ ಒಂದೊಂದಾಗಿ ತಿದ್ದೋದು ನಮ್ಮ ತಲೆಗೆ ಬಂತು.

ದುಡ್ಡು ಕೊಡೋ ಮುಂಚೆ ಹೋಮಲ್ಲಿ ನಿಂತು ಡಿಎಫ್ ಡಾಟ್ (df .) ಅಂತ ಕಮಾಂಡ್ ಕೊಟ್ಟು ನೋಡಿ, ಸರ್ವರ್ ಹೆಸರು ಬರ್ಬೇಕು, ಲೋಕಲ್ ಡಿಸ್ಕ್ ಬಂದ್ರೆ ಬಿಡ್ಬೇಡಿ. ಒಂದು ಮಷಿನಲ್ಲಿ ಫೈಲ್ ಮಾಡಿ ಇನ್ನೊಂದರಲ್ಲಿ ತೆಗೆಸಿ. 777 ಅಂತ ಬಾಯಿ ಬಿಟ್ರೆ ಅಲ್ಲೇ ಎಬ್ಬಿಸಿ ಕಳಿಸಿ. ನಮ್ಮವನು ಎರಡನೇ ವಿಸಿಟ್‌ಗೂ ಬಿಲ್ ಕಳಿಸಿದ್ದಾನೆ, ಕೊಡಲ್ಲ ಅಂದಿದ್ದೀನಿ.