ಲೇಬಲ್ ಇಲ್ಲದ ಡಬ್ಬಿಯ ಕ್ಯಾಪ್ಸೂಲ್ ನುಂಗುವ ಮುನ್ನ

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. 2021ರಲ್ಲಿ ಕೋವಿಡ್ ಬಂದು ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಒಂದು ಬಕೆಟ್ ಬಟ್ಟೆ ಒಗೆದರೆ ಮಾರನೆಯ ದಿನದಿಂದ ಮೂರು ದಿನ ಹಾಸಿಗೆ. ಹತ್ತು ತಾಸು ಮಲಗಿ ಎದ್ದರೂ ಕಣ್ಣೇ ಮುಚ್ಚಿಲ್ಲವೇನೋ ಎಂಬಂತಿರುತ್ತಿತ್ತು. ವರ್ಷ ಕಳೆದ ಮೇಲೆ ಹಾಸನದ ವೈದ್ಯರೊಬ್ಬರು ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಎಲ್ಲವನ್ನೂ ಪರೀಕ್ಷಿಸಿ, ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ವಿಶ್ರಾಂತಿಗೂ ಹೋಗದ ದೀರ್ಘಕಾಲದ ಸುಸ್ತಿನ ಕಾಯಿಲೆ ಎಂದರು. ಗುಣಪಡಿಸುವ ಔಷಧಿ ಇನ್ನೂ ಇಲ್ಲ, ಇರುವ ಶಕ್ತಿಯನ್ನು ಅಳೆದು ಖರ್ಚು ಮಾಡಿ ಎಂದೂ ಹೇಳಿದರು. ನನಗೋ ಔಷಧಿಯೇ ಬೇಕಿತ್ತು.

ಹಾಗೆ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ನಾಲ್ಕು ಪುಟ್ಟ ಸೀಸೆ ಕೊಟ್ಟು, ಎದ್ದ ಕೂಡಲೇ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಜೊಲ್ಲು ಹಿಡಿದು ತರಲು ಹೇಳಿದರು. ವರದಿಯಲ್ಲಿ ಬೆಳಗಿನ ಕಾರ್ಟಿಸಾಲ್, ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸ್ರವಿಸುವ ಹಾರ್ಮೋನು, ಕೊಂಚ ತಗ್ಗಿತ್ತು. “ನೋಡಿ ಮೇಡಂ, ಒತ್ತಡಕ್ಕೆ ನಿಮ್ಮ ಅಡ್ರಿನಲ್ ಗ್ರಂಥಿಯೇ ದಣಿದುಹೋಗಿದೆ.” ಮೂರು ತಿಂಗಳ ಕೋರ್ಸಿಗೆ ಹದಿನೆಂಟು ಸಾವಿರ ರೂಪಾಯಿ. ಮಕ್ಕಳಿಗೆ ಗ್ರಾಫ್ ಓದಲು ಕಲಿಸುವ ನಾನು, ಒಂದೇ ದಿನದ ನಾಲ್ಕು ಬಿಂದುಗಳನ್ನು ಸೇರಿಸಿ ಎಳೆದ ಗೆರೆಯನ್ನು ನಂಬಿ ಹಣ ಕಟ್ಟಿದೆ.

ಬಿಳಿ ಡಬ್ಬಿ, ಒಳಗೆ ಕಂದು ಕ್ಯಾಪ್ಸೂಲ್, ಹೊರಗೆ ನನ್ನ ಹೆಸರು ಮಾತ್ರ. ನಾಲ್ಕೇ ದಿನಕ್ಕೆ ಹೋದ ಜೀವ ಬಂದಂತಾಯಿತು. ಯುಗಾದಿಗೆ ನಿಂತುಕೊಂಡು ಒಬ್ಬಟ್ಟು ಬೇಯಿಸಿದೆ! ಮುಖ ಗುಂಡಗಾಗಿದ್ದನ್ನು ಕಂಡು ಅತ್ತಿಗೆ “ಕಳೆ ಬಂದಿದೆ” ಎಂದರು. ಎರಡೂವರೆ ತಿಂಗಳಾದ ಮೇಲೆ ಒಂದು ಮದುವೆಗೆ ಊರಿಗೆ ಹೋದಾಗ ಡಬ್ಬಿ ಮನೆಯಲ್ಲೇ ಉಳಿಯಿತು. ಮೂರನೆಯ ದಿನ ವಾಂತಿ, ತಲೆಸುತ್ತು, ಎದ್ದು ನಿಂತರೆ ಕತ್ತಲೆ. ಆಸ್ಪತ್ರೆಗೆ ಸೇರಿಸಿದಾಗ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 1.6 ಮೈಕ್ರೋಗ್ರಾಂ, ಆ ಹೊತ್ತಿಗೆ ಸುಮಾರು 5ರಿಂದ 25ರವರೆಗೆ ಇರಬೇಕಾದದ್ದು. ನನ್ನ ಯಜಮಾನರು ಕ್ಲಿನಿಕ್ಕಿಗೆ ಹತ್ತು ಸಲ ಫೋನ್ ಮಾಡಿದ ಮೇಲೆ “ಕ್ಯಾಪ್ಸೂಲಿನಲ್ಲಿ ಸ್ವಲ್ಪ ಸ್ಟೀರಾಯ್ಡ್ ಇದೆ” ಎಂಬ ಉತ್ತರ ಬಂತು.

ಕ್ಲಿನಿಕ್ಕಿನವರು ಹೇಳಿದ್ದೆಲ್ಲ ಸುಳ್ಳಾಗಿದ್ದರೆ ನಾನು ಬಹುಶಃ ಬಲೆಗೆ ಬೀಳುತ್ತಿರಲಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರುವವರ ಗುಂಪನ್ನು ಆರೋಗ್ಯವಂತರ ಜೊತೆ ಹೋಲಿಸಿದಾಗ ಕಾರ್ಟಿಸಾಲ್ ಸರಾಸರಿ ತುಸು ಕಡಿಮೆ ಇರುವುದು, ಎದ್ದ ಅರ್ಧ ಗಂಟೆಯಲ್ಲಿ ಆಗಬೇಕಾದ ಏರಿಕೆ ಮಂಕಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ವ್ಯತ್ಯಾಸ ಸಣ್ಣದು, ಎಷ್ಟೋ ರೋಗಿಗಳಲ್ಲಿ ಅದು ಇರುವುದೂ ಇಲ್ಲ. ಕೆಟ್ಟ ನಿದ್ರೆ, ಓಡಾಟವಿಲ್ಲದ ದಿನಚರಿಗಳಿಂದಲೂ ಹಾಗಾಗಬಹುದು. ಮೇಲಾಗಿ ಗ್ರಂಥಿ ತಾನಾಗಿ ಕೆಲಸ ಮಾಡುವುದಿಲ್ಲ, ಮೆದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಕಳಿಸುವ ಆಜ್ಞೆಗೆ ಕಾಯುತ್ತದೆ. ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ಬಂದರೆ ಆ ಆಜ್ಞೆಯೇ ನಿಲ್ಲುತ್ತದೆ. ದಣಿಯದ ಗ್ರಂಥಿಯನ್ನು ದಣಿದಿದೆ ಎಂದು ಹೇಳಿ, ಮದ್ದು ಕೊಟ್ಟು ಮಲಗಿಸಿದ್ದರು.

ಇದು ಹೊಸ ಸಂಗತಿಯೂ ಅಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಇದೇ ಕಾಯಿಲೆಯ 70 ಜನರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು 12 ವಾರ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರು. ರೋಗಲಕ್ಷಣಗಳು ಅಷ್ಟಿಷ್ಟು ತಗ್ಗಿದವು, ಆದರೆ 12 ಜನರಲ್ಲಿ ಅಡ್ರಿನಲ್ ಗ್ರಂಥಿಯ ಕೆಲಸವೇ ಕುಗ್ಗಿತು. ಈ ಚಿಕಿತ್ಸೆ ಬೇಡವೆಂದೇ ಸಂಶೋಧಕರು ಬರೆದರು. ‘ಅಡ್ರಿನಲ್ ದಣಿವು’ ಎಂಬ ಕಾಯಿಲೆಗೆ ಆಧಾರ ಹುಡುಕಿ 2016ರಲ್ಲಿ 58 ಅಧ್ಯಯನಗಳನ್ನು ಜಾಲಾಡಿದವರಿಗೂ ಅದು ಸಿಗಲಿಲ್ಲ. ಗ್ರಂಥಿ ನಿಜಕ್ಕೂ ಸೋಲುವ ಅಡಿಸನ್ ಕಾಯಿಲೆ ಬೇರೆಯೇ. ಅದನ್ನು ಜೊಲ್ಲಿನ ಪ್ಯಾಕೇಜಿನಲ್ಲಿ ಪತ್ತೆ ಮಾಡುವುದಿಲ್ಲ, ಬೆಳಗಿನ ರಕ್ತಪರೀಕ್ಷೆ ಮಾಡಿ, ಬೇಕಾದರೆ ಚುಚ್ಚುಮದ್ದು ಕೊಟ್ಟು ಗ್ರಂಥಿ ಹೇಗೆ ಪ್ರತಿಕ್ರಿಯಿಸುತ್ತದೆಂದು ನೋಡುತ್ತಾರೆ.

ಇಂಥ ಡಬ್ಬಿ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ಇದನ್ನು ಓದಿದ ಸಿಟ್ಟಿನಲ್ಲಿ ದಯವಿಟ್ಟು ತಿಪ್ಪೆಗೆ ಎಸೆಯಬೇಡಿ. ತಿಂಗಳುಗಟ್ಟಲೆ ನುಂಗಿದವರು ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಡಬ್ಬಿಯ ಸಮೇತ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರ ಬಳಿ ಹೋಗಿ. ನನಗೆ ಪ್ರಮಾಣ ಇಳಿಸುತ್ತಾ ಇಳಿಸುತ್ತಾ ಎಂಟು ತಿಂಗಳು ಹಿಡಿಯಿತು. ಹಳೆಯ ಸುಸ್ತು ಇದ್ದಲ್ಲೇ ಇದೆ.