ಕಿವಿಗೆ ಭಾರವಿಲ್ಲದ ಚಿತ್ತಾರ

ಭಾರದ ಜುಮಕಿ ಹಾಕಿದರೆ ಸಂಜೆಯೊಳಗೆ ನನ್ನ ಕಿವಿ ಜಗ್ಗಿ ಕೆಂಪಾಗುತ್ತದೆ. ಹಾಗಾಗಿಯೇ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾಲಿಮರ್ ಕ್ಲೇ ಒಡವೆ ಮಾಡುವ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಅಂಗಡಿ ಅಂತೇನಿಲ್ಲ, ಮನೆ ಮಹಡಿಯ ಕೋಣೆ.

ಮೊದಲೇ ಹೇಳಿಬಿಡುತ್ತೇನೆ, ಇದು ಟೆರಾಕೋಟ ಅಲ್ಲ. ಇದರಲ್ಲಿ ಮಣ್ಣೇ ಇಲ್ಲ, ಪಿವಿಸಿ ಪ್ಲಾಸ್ಟಿಕ್ಕು. ಸಣ್ಣ ಓವನ್‌ನಲ್ಲಿ 130 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಬೇಡ ಅನ್ನುವವರು ಇಲ್ಲೇ ನಿಲ್ಲಬಹುದು. ನನ್ನದೊಂದು ಓಲೆ ಕಾವಿ ನೆಲದ ಮೇಲೆ ಬಿದ್ದು, ಪುಟಿದು ಮಂಚದಡಿ ಸೇರಿತು. ಒಂದು ಗೀರೂ ಬಿದ್ದಿಲ್ಲ.

ವಿನ್ಯಾಸ ಬಣ್ಣ ಬಳಿದು ಮಾಡಿದ್ದಲ್ಲ. ಬಣ್ಣಬಣ್ಣದ ಎಳೆ, ಹಾಳೆಗಳನ್ನು ಜೋಡಿಸಿ ದಪ್ಪ ಉರುಳೆ ಕಟ್ಟುತ್ತಾಳೆ. ಅದನ್ನು ಸುತ್ತಲೂ ಒತ್ತಿ, ಎಳೆದು, ಬೆರಳು ಗಾತ್ರಕ್ಕೆ ಇಳಿಸುತ್ತಾಳೆ. ಒಳಗಿನ ಚಿತ್ರವೂ ಅಷ್ಟೇ ಚಿಕ್ಕದಾಗುತ್ತದೆ. ಆಮೇಲೆ ಪತ್ರೊಡೆ ಕತ್ತರಿಸಿದ ಹಾಗೆ ಬಿಲ್ಲೆ ಬಿಲ್ಲೆ. ನಾನು ಹೋದಾಗ ಒಂದು ಉರುಳೆ ಫ್ರಿಜ್ಜಿನಿಂದ ಆಗಷ್ಟೇ ಹೊರಬಂದಿತ್ತು. "ಮೆತ್ತಗಿರುವಾಗ ಕೊಯ್ದರೆ ಗೆರೆಯೆಲ್ಲ ಸೊಟ್ಟ ಆಗುತ್ತೆ ಅಕ್ಕ" ಅಂದಳು. ತುದಿಯಲ್ಲಿ ಬಣ್ಣ ಕಲಸಿಹೋಗಿತ್ತು. ಅದನ್ನು ಬ್ಲೇಡಿನಲ್ಲಿ ತೆಗೆದಳು ನೋಡಿ, ಒಳಗೆ ಕೆಮ್ಮಣ್ಣು ಬಣ್ಣದ ಮೇಲೆ ಬಿಳಿ ಗೆರೆಯ ಚೌಕ, ಅದರೊಳಗೆ ಇನ್ನೊಂದು, ಮೂಲೆಗೊಂದು ಕರಿ ತ್ರಿಕೋನ. ಸಾಗರದ ಕಡೆ ದೀವರ ಸಮುದಾಯದವರ ಮನೆ ಗೋಡೆಯಲ್ಲಿ ನೋಡಿದ ಹಸೆ ಚಿತ್ತಾರ! ಅಲ್ಲಿ ಅಕ್ಕಿ ಹಿಟ್ಟಿನಲ್ಲಿ ಬರೆಯುವ ಗೆರೆ ಇಲ್ಲಿ ದಾರದಷ್ಟು ಸಣ್ಣ. ಕನ್ನಡಕ ಹಾಕಿಕೊಂಡೇ ನೋಡಬೇಕು.

ನವಿಲಿನ ಪೆಂಡೆಂಟ್ ಮಾತ್ರ ನನಗೆ ಹಿಡಿಸಲಿಲ್ಲ. ಇರುವ ಬಣ್ಣವೆಲ್ಲ ಅದರಲ್ಲೇ ತುರುಕಿದ್ದಾಳೆ. ಗೆರೆ, ಚೌಕದಲ್ಲಿ ಅವಳ ಕೈ ಪಳಗಿದೆ, ಹಕ್ಕಿ ಹೂವಿನಲ್ಲಿ ಇನ್ನೂ ಇಲ್ಲ.

ಒಂದು ಜೊತೆ ಓಲೆಗೆ 650 ರೂಪಾಯಿ. ಜಾಸ್ತಿ ಅಂತ ನನಗೂ ಅನಿಸಿತ್ತು. ಆದರೆ ಬೇಯಿಸಿದ ಮೇಲೆ ಒಂದೊಂದನ್ನೂ ನೀರಲ್ಲಿ ಅದ್ದಿ, ಒರಟಿನಿಂದ ನಯದವರೆಗೆ ಮರಳು ಕಾಗದ ಬದಲಿಸುತ್ತಾ ಉಜ್ಜುತ್ತಾಳೆ. ಅಂಚು ಸವರಿದರೆ ಎಲ್ಲೂ ಕೈಗೆ ತಗಲುವುದಿಲ್ಲ. ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ.

ನನ್ನ ತಕರಾರು ಕೊಕ್ಕೆಯದ್ದು. ಆಷಾಢದ ಮಳೆ ಮುಗಿಯುವಷ್ಟರಲ್ಲಿ ಕಪ್ಪಾಗಿ, ಕಿವಿಯಲ್ಲಿ ತುರಿಕೆ ಶುರುವಾಯಿತು. ಕೇಳಿದ್ದಕ್ಕೆ ದುಡ್ಡು ತಗೊಳ್ಳದೆ ಸ್ಟೀಲ್ ಕೊಕ್ಕೆ ಹಾಕಿಕೊಟ್ಟಳು. ನೀವು ಮೊದಲೇ ಸ್ಟೀಲ್ ಕೇಳಿ.

ಮಳೆಗಾಲದಲ್ಲಿ ಆರ್ಡರ್ ತಡವಾಗುತ್ತದೆ. ಬೇಯುವಾಗ ಕರೆಂಟ್ ಹೋದರೆ ಸರಿಯಾಗಿ ಬೇಯದ ಬಿಲ್ಲೆ ಪಟ್ಟನೆ ಮುರಿಯುತ್ತದಂತೆ, ಅದಕ್ಕೇ ಗಾಳಿ ಗುಡುಗಿನ ದಿನ ಓವನ್ ಹಚ್ಚುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಅಂಥ ದಿನ ಎಷ್ಟು ಅಂತ ಗೊತ್ತಲ್ವಾ? ದೀಪಾವಳಿಗೆ ಬೇಕಿದ್ದರೆ ಗಣಪತಿ ಹಬ್ಬದ ಹೊತ್ತಿಗೇ ಹೇಳಿಡಿ. ವಾಟ್ಸಾಪ್ ಫೋಟೋ ನೋಡಿ ಬಣ್ಣ ಆರಿಸಬೇಡಿ, ಅದರಲ್ಲಿ ಕೆಮ್ಮಣ್ಣು ಕಿತ್ತಳೆಯಾಗಿ ಕಾಣುತ್ತದೆ.