ಜೋಡಿ ಹ್ಯಾಮ್‌ಸ್ಟರ್, ಎರಡಂತಸ್ತಿನ ಪಂಜರ: ಎಂಟು ತಿಂಗಳಲ್ಲಿ ನಾನು ಕಂಡಿದ್ದು

ದಾವಣಗೆರೆಯಲ್ಲಿ ಹ್ಯಾಮ್‌ಸ್ಟರ್ ತರಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಜನವರಿಯಲ್ಲಿ ನಾನು ಎರಡು ಡ್ವಾರ್ಫ್ ಹ್ಯಾಮ್‌ಸ್ಟರ್ (ಇಲಿಯಂಥ ಸಾಕುಪ್ರಾಣಿ, ಅದರಲ್ಲೂ ಪುಟ್ಟ ಜಾತಿ) ತಂದೆ, ಜೊತೆಗೊಂದು ಪಂಜರ. ಮರಿಗಳಿಗೆ 800 ರೂಪಾಯಿ, ಪಂಜರಕ್ಕೆ 1,850. ಅಂಗಡಿಯ ಹೆಸರು ಹಾಕುವುದಿಲ್ಲ. ನಾನು ವಿಚಾರಿಸಿದ ಮೂರು ಅಂಗಡಿಯಲ್ಲೂ ಇದೇ ಥರ ಜೋಡಿ ಲೆಕ್ಕದಲ್ಲೇ ಕೊಡುತ್ತಿದ್ದರು. ಹಾಗಾಗಿ ಒಬ್ಬರ ಹೆಸರು ಹೇಳಿ ಪ್ರಯೋಜನ ಇಲ್ಲ.

ನಾನು ವಿನೋಬನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುತ್ತೇನೆ. ಏಳನೇ ಕ್ಲಾಸಿನ ಮಗಳು ನಾಯಿ ಬೇಕು ಅಂತ ಎರಡು ವರ್ಷದಿಂದ ಕೇಳುತ್ತಿದ್ದಳು. ಮಹಡಿ ಮೇಲಿನ ಬಾಡಿಗೆ ಮನೆ, ನಾಯಿ ಆಗಲ್ಲ. ಅಂಗಡಿಯಲ್ಲಿ ಇವುಗಳನ್ನು ನೋಡಿ ಅವಳು ಅಲ್ಲೇ ಕೂತುಬಿಟ್ಟಳು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಬೆನ್ನ ಮೇಲೆ ಒಂದು ಕಪ್ಪು ಗೆರೆ, ಮಣಿಯಂಥ ಕಣ್ಣು. ನಾನು ಒಂದೇ ಕೊಡಿ ಅಂದೆ. ಹುಡುಗ ಒಪ್ಪಲಿಲ್ಲ. "ಅಕ್ಕಾ, ಒಂದೇ ಇದ್ರೆ ಬೇಜಾರಾಗಿ ಸತ್ತೋಗ್ತಾವೆ. ಎರಡೂ ಹೆಣ್ಣೇ ಕೊಡ್ತೀನಿ, ಮರಿ ಹಾಕೋ ಭಯ ಇಲ್ಲ" ಅಂದ.

ಅವತ್ತು ಒಂದು ವಿಷಯ ನನ್ನ ಕಣ್ಣ ಮುಂದೆಯೇ ನಡೆಯಿತು, ಆದರೆ ಆಗ ಅರ್ಥವಾಗಲಿಲ್ಲ. ಹುಡುಗ ಒಂದು ಮರಿಯನ್ನು ಮೇಲಿನ ಸಾಲಿನ ಗಾಜಿನ ತೊಟ್ಟಿಯಿಂದ ತೆಗೆದ. ಇನ್ನೊಂದನ್ನು ಕೆಳಗಿನ ತೊಟ್ಟಿಯಿಂದ ತೆಗೆದ. ಎರಡನ್ನೂ ಒಂದೇ ರಟ್ಟಿನ ಡಬ್ಬಿಗೆ ಹಾಕಿ ಮುಚ್ಚಿದ. ಅಂದರೆ ಅವು ಒಡಹುಟ್ಟಿದವಲ್ಲ. ಒಂದರ ವಾಸನೆ ಇನ್ನೊಂದಕ್ಕೆ ಗೊತ್ತೇ ಇಲ್ಲ. ಈ ಪ್ರಾಣಿಗಳಿಗೆ ಗುರುತು ಅಂದರೆ ವಾಸನೆ. ಇಲ್ಲಿಂದಲೇ ಎಲ್ಲ ಶುರುವಾಯಿತು.

ಮಗಳು ಕಂದು ಬಣ್ಣದ್ದಕ್ಕೆ ಸಾಸಿವೆ ಅಂತಲೂ ಬೂದು ಬಣ್ಣದ್ದಕ್ಕೆ ಗಸಗಸೆ ಅಂತಲೂ ಹೆಸರಿಟ್ಟಳು. ಮೊದಲ ಒಂದೂವರೆ ತಿಂಗಳು ಜಗಳ ಇರಲಿಲ್ಲ. ಒಂದರ ಮೇಲೆ ಒಂದು ಬಿದ್ದು ಮಲಗುತ್ತಿದ್ದವು. ಫೋಟೋ ನೋಡಿದವರೆಲ್ಲ ತಮಗೂ ಬೇಕು ಅನ್ನುತ್ತಿದ್ದರು.

ಆ ದಿನಗಳಲ್ಲಿ ಬಂದ ತೊಂದರೆ ನನ್ನಿಂದ ಬಂದಿದ್ದು, ಅದನ್ನೂ ಹೇಳಬೇಕು. ಗೂಡು ಮಾಡಿಕೊಳ್ಳಲಿ ಅಂತ ಹೊಲಿಗೆಯಲ್ಲಿ ಉಳಿದ ಚಿಂದಿ ಹಾಕಿದ್ದೆ, ಮೆತ್ತಗಿನ ಕಾಟನ್ ಲೈನಿಂಗ್ ತುಂಡುಗಳು. ಒಂದು ಬೆಳಿಗ್ಗೆ ಗಸಗಸೆ ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಕೈಗೆ ತೆಗೆದುಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಬಟ್ಟೆ ಅಂಚಿನಿಂದ ಬಿಚ್ಚಿದ ಒಂದು ಬಿಳಿ ಎಳೆ ಪಾದದ ಮೇಲ್ಗಡೆ ನಾಲ್ಕೈದು ಸುತ್ತು ಸುತ್ತಿತ್ತು. ಪಾದ ಕೆಂಪಗೆ ಊದಿ ಮಿರಮಿರ ಅನ್ನುತ್ತಿತ್ತು. ಮಗಳು ಅದನ್ನು ಟವೆಲ್‌ನಲ್ಲಿ ಹಿಡಿದುಕೊಂಡಳು. ನಾನು ಆರಿ ಸೂಜಿಯ ಕೊಕ್ಕೆಯಿಂದ ಎಳೆಯನ್ನು ಒಂಚೂರು ಎತ್ತಿ, ದಾರ ಕತ್ತರಿಸುವ ಚಿಕ್ಕ ಕತ್ತರಿ ತೂರಿಸಿ ಕತ್ತರಿಸಿದೆ. ಇನ್ನೊಂದು ದಿನ ತಡವಾಗಿದ್ದರೆ ಪಾದ ಹೋಗುತ್ತಿತ್ತು. ಅಂಗಡಿಯಲ್ಲಿ ಗೂಡಿಗೆ ಅಂತಲೇ ಹತ್ತಿಯಂಥ ಉಂಡೆ ಪ್ಯಾಕೆಟ್ ಮಾರುತ್ತಾರೆ. ಅದರಲ್ಲೂ ಇದೇ ಅಪಾಯ, ಮೇಲಾಗಿ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಅಚ್ಚಿಲ್ಲದ ಬಿಳಿ ಟಿಶ್ಯೂ ಪೇಪರ್ ಹರಿದು ಹಾಕಿ, ಸಾಕು. ಅವೇ ಚೂರು ಮಾಡಿ ಗೂಡು ಕಟ್ಟುತ್ತವೆ.

ಮಾರ್ಚ್ ಎರಡನೇ ವಾರ ರಾತ್ರಿ ಕೂಗು ಶುರುವಾಯಿತು. ನಾನು ಮದುವೆ ಸೀಸನ್ ಬ್ಲೌಸ್ ಹಿಡಿದು ಒಂದು ಗಂಟೆವರೆಗೂ ಕೂತಿರುತ್ತಿದ್ದೆ, ಹಾಗಾಗಿ ಕೇಳಿಸಿತು. ಚಿಕ್ಕ ಬಾಗಿಲಿನ ಕೀಲು ಕಿರುಗುಟ್ಟಿದಂಥ ದನಿ. ಹೋಗಿ ನೋಡಿದರೆ ಗಸಗಸೆ ಬೆನ್ನಡಿಯಾಗಿ ಬಿದ್ದು ಕೈ ಮುಂದೆ ಚಾಚಿತ್ತು, ಸಾಸಿವೆ ಮೇಲೆ ನಿಂತಿತ್ತು. ಅಂಗಡಿಗೆ ಫೋನ್ ಮಾಡಿದರೆ "ಆಟ ಆಡ್ತಾವೆ ಅಕ್ಕ, ಸುಮ್ನೆ ಬಿಡಿ" ಅಂದರು. ನಾನೂ ಬಿಟ್ಟೆ. ಆ ಮಾತು ನಂಬಿದ್ದಕ್ಕೆ ಈಗಲೂ ಸಂಕಟವಾಗುತ್ತದೆ.

ಅದು ಆಟ ಅಲ್ಲ ಅಂತ ಹೇಳುವ ಗುರುತು ಪಂಜರದಲ್ಲೇ ಇತ್ತು. ಗಸಗಸೆ ಗೂಡಿನಲ್ಲಿ ಮಲಗುವುದನ್ನು ಬಿಟ್ಟು ನೀರಿನ ಬಾಟಲಿ ಕೆಳಗೆ, ಒದ್ದೆಯಾದ ಮೂಲೆಯಲ್ಲಿ ಮಲಗಲು ಶುರುಮಾಡಿತು. ಚಕ್ರ ಹತ್ತಿದರೆ ಸಾಸಿವೆ ಬಂದು ಇಳಿಸುತ್ತಿತ್ತು. ಕಾಳೆಲ್ಲ ಮೇಲಿನ ಅಂತಸ್ತಿನ ಮನೆಯೊಳಗೆ ಸೇರುತ್ತಿತ್ತು. ಮಣಿ, ಕುಂದನ್ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ಬಟ್ಟಲು ಇಟ್ಟು ತೂಗಿದೆ. ಗಸಗಸೆ ಮಾರ್ಚ್ ಶುರುವಿನಲ್ಲಿ 36 ಗ್ರಾಂ ಇತ್ತು, ಮೂರು ವಾರಕ್ಕೆ 28 ಗ್ರಾಂ. ಅಷ್ಟು ಸಣ್ಣ ಜೀವಕ್ಕೆ ಎಂಟು ಗ್ರಾಂ ಅಂದರೆ ಎಷ್ಟಾಯಿತು, ಲೆಕ್ಕ ಹಾಕಿ. ಕೂದಲಿನ ಕೆಳಗೆ ಗಾಯ ಕಾಣಿಸುವುದಿಲ್ಲ. ಆದರೆ ತಕ್ಕಡಿ ಮೊದಲೇ ಹೇಳುತ್ತದೆ. ವಾರಕ್ಕೊಮ್ಮೆ ತೂಗುವುದನ್ನು ರೂಢಿ ಮಾಡಿಕೊಳ್ಳಿ.

ಪಂಜರದ ಬಗ್ಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ಜಗಳಕ್ಕೆ ಅದೇ ಕಾರಣ. ಗುಲಾಬಿ, ಹಳದಿ ಬಣ್ಣದ ಎರಡಂತಸ್ತಿನ ಪ್ಲಾಸ್ಟಿಕ್ ಪಂಜರ. ನೋಡಲು ಚಂದ. ಟೇಪ್ ಹಿಡಿದು ಅಳೆದೆ: ತಳ 12 ಇಂಚು ಉದ್ದ, 9 ಇಂಚು ಅಗಲ. ಮೇಲಕ್ಕೂ ಕೆಳಕ್ಕೂ ಒಂದೇ ಕೊಳವೆ ದಾರಿ. ಒಂದು ಹ್ಯಾಮ್‌ಸ್ಟರ್ ಕೊಳವೆಯ ಬಾಯಲ್ಲಿ ಕೂತರೆ ಇನ್ನೊಂದಕ್ಕೆ ಹೋಗಲು ಜಾಗವೇ ಇಲ್ಲ. ತಪ್ಪಿಸಿಕೊಳ್ಳಲು ಓಡಿದ್ದು ಕೊಳವೆಯಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಮನೆ, ಒಂದೇ ಬಟ್ಟಲು, ಒಂದೇ ಚಕ್ರ. ಚಕ್ರವೂ ಐದು ಇಂಚಿನದು, ಓಡುವಾಗ ಬೆನ್ನು ಬಿಲ್ಲಿನಂತೆ ಬಗ್ಗುತ್ತಿತ್ತು. ಡ್ವಾರ್ಫ್‌ಗೂ ಏಳೆಂಟು ಇಂಚಿನ ಚಕ್ರ ಬೇಕು, ಓಡುವ ಜಾಗ ಸಂದಿಯಿಲ್ಲದೆ ಗಟ್ಟಿಯಾಗಿರಬೇಕು. ತಂತಿ ಮೆಟ್ಟಿಲಿನ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಪಂಜರದ ಡಬ್ಬಿ ಮೇಲೆ "ಎರಡು ಹ್ಯಾಮ್‌ಸ್ಟರ್‌ಗೆ" ಅಂತ ಚಿತ್ರ ಹಾಕಿದ್ದಾರೆ. ಒಂದಕ್ಕೂ ಅದು ಸಾಲದು.

ಏಪ್ರಿಲ್ ಮೊದಲ ವಾರ ಗಸಗಸೆಯ ಬಾಲದ ಬುಡದಲ್ಲಿ ಬಟಾಣಿಯಷ್ಟು ಗಂಟು ಕಂಡಿತು. ಕಚ್ಚಿದ ಗಾಯ ಮೇಲೆ ಮುಚ್ಚಿ ಒಳಗೆ ಕೀವಾಗಿತ್ತು. ಮತ್ತೆ ಅಂಗಡಿಗೆ ಕೇಳಿದೆ. ಅಲ್ಲಿದ್ದವರು, ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಅರ್ಧ ಹನಿ ಬಾಯಿಗೆ ಹಾಕಿ ಅಂದರು. ಬಾಟಲಿ ಮನೆಯಲ್ಲೇ ಇತ್ತು. ಅತ್ತೆ ಬೇಡ ಅಂದರು. "ಇಲಿಯಷ್ಟು ಇಲ್ಲ ಅದು, ಮನುಷ್ಯರ ಔಷಧಿ ಹೆಂಗೆ ತಡೀತೈತಿ? ಡಾಕ್ಟ್ರ ಹತ್ರ ಹೋಗು" ಅಂದರು. ಅವರ ಮಾತೇ ಗಸಗಸೆಯನ್ನು ಉಳಿಸಿತು.

ಹದಡಿ ರಸ್ತೆ ಕಡೆ ಒಂದು ಖಾಸಗಿ ಪಶು ಕ್ಲಿನಿಕ್‌ಗೆ ಹೋದೆವು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಸಾಲಿನಲ್ಲಿ ನಾವು ತೂತು ಮಾಡಿದ ಡಬ್ಬಿ ಹಿಡಿದು ಕೂತಿದ್ದೆವು. ಯಾರೂ ನಗಲಿಲ್ಲ. ಒಬ್ಬರು ಅಜ್ಜ ತಮ್ಮ ನಾಯಿಯನ್ನು ಎಳೆದುಕೊಂಡು ದೂರ ಹೋಗಿ ಕೂತರು, ಇದು ಹೆದರದಿರಲಿ ಅಂತ. ಡಾಕ್ಟರು ನೇರವಾಗಿ ಹೇಳಿದರು: "ನಾನು ಜಾಸ್ತಿ ನೋಡೋದು ನಾಯಿ, ದನ. ಹ್ಯಾಮ್‌ಸ್ಟರ್ ನೋಡಿದ್ದು ಕಡಿಮೆ. ಐದು ನಿಮಿಷ ಕೊಡಿ." ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಜೊತೆ ಓದಿದವರಿಗೆ ಫೋನ್ ಮಾಡಿ ವಿಚಾರಿಸಿದರು. ಗೊತ್ತಿಲ್ಲದ್ದನ್ನು ಕೇಳಿ ತಿಳಿದು ಕೈ ಹಾಕಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಗಂಟು ಬಿಡಿಸಿ ಕೀವು ತೆಗೆದರು, ಬೆಚ್ಚಗಿನ ಸಲೈನ್‌ನಲ್ಲಿ ತೊಳೆದರು. ಹೊಟ್ಟೆ ಕಡೆ ಕೂದಲು ಸರಿಸಿದಾಗ ಇನ್ನೂ ಮೂರು ಹಳೇ ಗಾಯ ಇದ್ದವು. ನಾನು ಅಮಾಕ್ಸಿಸಿಲಿನ್ ಮಾತು ಹೇಳಿದ್ದೇ ತಡ, ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಹ್ಯಾಮ್‌ಸ್ಟರ್ ಕರುಳಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು ವಿಷವಾಗುತ್ತದೆ. ಭೇದಿಯಾಗಿ ಕೆಲವೇ ದಿನದಲ್ಲಿ ಸಾಯಬಹುದು. ಅವರು ತೂಕ ನೋಡಿ ಬೇರೆ ಔಷಧಿ ಲೆಕ್ಕ ಹಾಕಿಕೊಟ್ಟರು. ಸೂಜಿ ತೆಗೆದ ಇನ್ಸುಲಿನ್ ಸಿರಿಂಜ್‌ನಲ್ಲಿ ಎಷ್ಟು ಗೆರೆ ಅಂತ ಪೆನ್ನಲ್ಲಿ ಗುರುತು ಮಾಡಿಕೊಟ್ಟರು. ಫೀಸು 200 ರೂಪಾಯಿ. ಎರಡೂ ಹೆಣ್ಣೇ ಅಂತ ಅವರೂ ನೋಡಿ ಹೇಳಿದರು. ಅಂಗಡಿಯವರು ಆ ಒಂದು ಮಾತು ಸರಿಯಾಗಿ ಹೇಳಿದ್ದರು, ಅದನ್ನು ಒಪ್ಪಬೇಕು. ತಪ್ಪಿದ್ದರೆ 20 ದಿನಕ್ಕೊಮ್ಮೆ ಮರಿ ಆಗುತ್ತಿತ್ತು. ಹೆತ್ತ ದಿನವೇ ಮತ್ತೆ ಗಬ್ಬ ಆಗುವ ಜಾತಿ ಇದು.

ಅವತ್ತು ರಾತ್ರಿಯೇ ಎರಡನ್ನೂ ಬೇರೆ ಮಾಡಿದೆವು. ಮಗಳು ಅತ್ತಳು. ವಾಸಿಯಾದ ಮೇಲೆ ಮತ್ತೆ ಸೇರಿಸೋಣ ಅಂದಳು. ಡಾಕ್ಟರು ಅದಕ್ಕೆ ಖಂಡಿತ ಬೇಡ ಅಂದಿದ್ದರು. ಒಮ್ಮೆ ರಕ್ತ ಬಂತು ಅಂದರೆ ಮುಗಿಯಿತು, ಎರಡು ದಿನ ಬಿಟ್ಟು ಸೇರಿಸಿದರೆ ವಾಸನೆಯೂ ಮರೆತಿರುತ್ತದೆ, ಇನ್ನೂ ಜೋರಾಗಿ ಕಚ್ಚುತ್ತವೆ. ನಡುವೆ ಜಾಲರಿ ಹಾಕುವುದೂ ಬೇಡ, ಸಂದಿಯಿಂದ ಒಂದರ ಕಾಲ್ಬೆರಳನ್ನು ಇನ್ನೊಂದು ಕಚ್ಚುತ್ತದೆ. ಡ್ವಾರ್ಫ್‌ಗಳಲ್ಲಿ ಒಡಹುಟ್ಟಿದವು, ಹುಟ್ಟಿನಿಂದ ಬೇರೆಯಾಗದವು, ದೊಡ್ಡ ಜಾಗದಲ್ಲಿ ಕೆಲವೊಮ್ಮೆ ಹೊಂದಿಕೊಂಡು ಇರುತ್ತವೆ. ಅವಕ್ಕೂ ದೊಡ್ಡವಾದ ಮೇಲೆ ಯಾವಾಗ ಬೇಕಾದರೂ ಜಗಳ ಬರಬಹುದು. ಒಂಟಿಯಾಗಿದ್ದರೆ ಬೇಜಾರಾಗಿ ಸಾಯುತ್ತವೆ ಅನ್ನುವುದು ಮಾತ್ರ ಸುಳ್ಳು.

ಬಡಗಿಯಿಂದ ಎರಡು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಮೂರೂಕಾಲು ಅಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಮುಂದೆ ಗಾಜು, ಮೇಲೆ ಜಾಲರಿ. ಹಳೇ ಕಪಾಟಿನ ಗಾಜು ಇದ್ದಿದ್ದರಿಂದ ಒಂದಕ್ಕೆ 1,400ಕ್ಕೆ ಆಯಿತು. ಬಣ್ಣದ ಪಂಜರಕ್ಕಿಂತ ಕಡಿಮೆ! ಪಕ್ಕದ ಮನೆಯವರು ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟು ತಂದು ಹಾಕು ಅಂದರು. ಹಾಕಿ ನೋಡಿದೆ, ಧೂಳು ಜಾಸ್ತಿ, ಚುಚ್ಚುತ್ತದೆ. ಅಂಗಡಿಯ ಪೈನ್ ಮರದ ಹೊಟ್ಟಿನ ಘಾಟಿಗೆ ಎರಡೂ ಸೀನುತ್ತಿದ್ದವು. ಈಗ ಪೇಪರ್ ಚೂರು, ಆರೇಳು ಇಂಚು ದಪ್ಪ. ಸುರಂಗ ತೋಡುತ್ತವೆ. ಮೈ ಉಜ್ಜಿಕೊಳ್ಳಲು ಮರಳು ಬೇಕು. ನಾನು ಹೊಳೆ ಮರಳು ಜರಡಿ ಹಿಡಿದು, ನಾಲ್ಕು ಸಲ ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿ ಹಾಕುತ್ತೇನೆ. ನೀರಲ್ಲಿ ಸ್ನಾನ ಮಾತ್ರ ಮಾಡಿಸಬೇಡಿ.

ಇನ್ನು ನಮ್ಮೂರ ಬಿಸಿಲು. ಇವು ಸೈಬೀರಿಯಾ, ಮಂಗೋಲಿಯಾ ಕಡೆಯ ಬಯಲಿನವು. 30 ಡಿಗ್ರಿ ದಾಟಿದರೆ ಕಷ್ಟ, ಇಲ್ಲಿ ಏಪ್ರಿಲ್‌ನಲ್ಲಿ 38. ಒಂದು ಮಧ್ಯಾಹ್ನ ಸಾಸಿವೆ ದೋಸೆ ಹುಯ್ದಂತೆ ಚಪ್ಪಟೆಯಾಗಿ ಬಿದ್ದಿತ್ತು. ಕುಂಬಾರರ ಕುಡಿಕೆ ಒದ್ದೆ ಮಾಡಿ ಬೋರಲು ಹಾಕಿದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಕುಡಿಕೆ ಒಳಗೇ ಬೇಸಿಗೆ ಕಳೆಯಿತು.

ಜುಲೈನಲ್ಲಿ ಇನ್ನೊಂದು. ಸಾಸಿವೆ ಬಾಟಲಿ ಬೇಗ ಖಾಲಿ ಮಾಡುತ್ತಿತ್ತು. ದಿನಕ್ಕೆ ನಾಲ್ಕು ಎಂಎಲ್ ಕುಡಿಯುತ್ತಿದ್ದದ್ದು ಹದಿನಾಲ್ಕಕ್ಕೆ ಬಂತು, ಒಂದು ಮೂಲೆ ಸದಾ ಒದ್ದೆ. ಅತ್ತೆ ನೋಡಿ ನಿಂತರು. "ನಂಗೆ ಶುಗರ್ ಬಂದಾಗ್ಲೂ ಹಿಂಗೇ ಕುಡೀತಿದ್ದೆ" ಅಂದರು. ಡಾಕ್ಟರು ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಹಾಕಿ ನೋಡಿದರು, ಸಕ್ಕರೆ ಇತ್ತು. ಡ್ವಾರ್ಫ್‌ಗಳಲ್ಲೇ ಕ್ಯಾಂಪ್‌ಬೆಲ್ ಅನ್ನುವ ಜಾತಿಗೆ ಮತ್ತು ಅದರ ಮಿಶ್ರ ತಳಿಗೆ ಈ ಕಾಯಿಲೆ ಬರುವುದು ಜಾಸ್ತಿಯಂತೆ. ಅಂಗಡಿಯವರು ಉಚಿತವಾಗಿ ಕೊಟ್ಟಿದ್ದ ಜೇನಿನ ಕಡ್ಡಿ, ನಾವು ಪ್ರೀತಿಯಿಂದ ಕೊಡುತ್ತಿದ್ದ ಬಾಳೆಹಣ್ಣು, ಕ್ಯಾರೆಟ್ ಎಲ್ಲ ಅವತ್ತೇ ನಿಂತವು. ಈಗ ಸ್ವಲ್ಪ ನವಣೆ, ಸಾಮೆ, ಒಂದೆರಡು ಸೌತೆಕಾಯಿ ಚೂರು, ಮೆಂತ್ಯ ಸೊಪ್ಪಿನ ಎಲೆ, ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಬಿಳಿ ಚೂರು. ಸೂರ್ಯಕಾಂತಿ ಬೀಜ ದಿನಕ್ಕೆ ಒಂದೇ. ನೀರು ಏಳೆಂಟು ಎಂಎಲ್‌ಗೆ ಇಳಿದಿದೆ.

ಆಗಸ್ಟ್‌ನಲ್ಲಿ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅದೇ ಹುಡುಗ ಪೂರ್ತಿ ಕೇಳಿಸಿಕೊಂಡ. "ನಮ್ಗೆ ಯಾರೂ ಹೇಳ್ಕೊಡಲ್ಲ ಅಕ್ಕ" ಅಂದ, ಗಸಗಸೆ ಹೇಗಿದೆ ಅಂತ ಎರಡು ಸಲ ಕೇಳಿದ. ಅವನ ತೊಟ್ಟಿಗಳು ಸ್ವಚ್ಛವಾಗಿರುತ್ತವೆ, ಮರಿಗಳನ್ನು ಬೊಗಸೆಯಲ್ಲಿ ಮೆಲ್ಲಗೆ ಎತ್ತುತ್ತಾನೆ. ಅದಕ್ಕೆ ಅಂಗಡಿಗೆ ಐದರಲ್ಲಿ ಎರಡು ಅಂಕ. ಕೌಂಟರ್ ಮೇಲೆ ಜೇನಿನ ಕಡ್ಡಿ ಇನ್ನೂ ಇದೆ, "ಜೋಡಿ 800" ಅನ್ನುವ ಚೀಟಿಯೂ ಇದೆ. ಪಂಜರಕ್ಕೆ ಒಂದು. ಡಾಕ್ಟರಿಗೆ ಐದು.

ಆ ಪಂಜರ ಕೊಳ್ಳಲು ಇಬ್ಬರು ಕೇಳಿದರು, ಕೊಡಲಿಲ್ಲ. ಅದರಲ್ಲೀಗ ಆರಿ ದಾರದ ಉಂಡೆಗಳಿವೆ. ರಾತ್ರಿ ಹನ್ನೊಂದರ ಮೇಲೆ ನಾನು ಆರಿ ವರ್ಕಿನ ಚೌಕಟ್ಟಿನ ಮುಂದೆ ಕೂತರೆ ಎರಡು ಪೆಟ್ಟಿಗೆಯಿಂದ ಎರಡು ಚಕ್ರ ತಿರುಗುವ ಸದ್ದು ಬರುತ್ತದೆ. ಗಸಗಸೆ ಈಗ 39 ಗ್ರಾಂ.